ಬೊಂಬೆ ಶೆಟ್ಟರ ಅಂಗಡಿಯ ಬೆಲ್ಲ

ನಮ್ಮ ಮನೆಯ ಬೊಂಬೆ ಶೆಟ್ಟರಿಗೆ ಎಷ್ಟು ವಯಸ್ಸೋ ಯಾರಿಗೂ ಗೊತ್ತಿಲ್ಲ. ಅಮ್ಮನ ಅಮ್ಮನ ಕಾಲದವರು. ವರ್ಷವಿಡೀ ಅಟ್ಟದ ಮೇಲೆ ಹಳೇ ಪಂಚೆ ಸುತ್ತಿಕೊಂಡು ಮಲಗಿರುತ್ತಾರೆ. ನವರಾತ್ರಿ ಬಂತೆಂದರೆ ಕೆಳಗಿಳಿದು, ಬೊಂಬೆ ಮೆಟ್ಟಿಲಿನ ಕೊನೆಯ ಸಾಲಿನಲ್ಲಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಡಿ ತೆರೆಯುತ್ತಾರೆ. ಮುಂದೆ ಬೆರಳುದ್ದದ ಹಿತ್ತಾಳೆ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ನಿಜವಾದ ತೊಗರಿಬೇಳೆ, ನಿಜವಾದ ಬೆಲ್ಲ. ಹೊಟ್ಟೆ ನೋಡಿದರೆ ಎಂಟು ತಿಂಗಳು. ಒಂದು ದಿನ ವಾಕಿಂಗ್ ಹೋದವರಲ್ಲ, ಒಂದು ದಿನ ಉಪವಾಸ ಮಾಡಿದವರಲ್ಲ. ಬೆಲ್ಲದ ಎದುರಿಗೇ ಕೂತು ನಗುತ್ತಿರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ.

ನನಗೆ ಬಂತು. ಇಪ್ಪತ್ತೈದನೇ ವಯಸ್ಸಿಗೆ, ಸೊಂಟಕ್ಕೆ ಬೆಲ್ಟಿಲ್ಲದಿದ್ದರೆ ಪ್ಯಾಂಟ್ ನಿಲ್ಲದ ಮೈಗೆ.

ಮಣ್ಣಿನ ಬೊಂಬೆಯ ಮೇಲೆ ಹೊಟ್ಟೆಕಿಚ್ಚು ಪಡುವ ಮಟ್ಟಕ್ಕೆ ಮನುಷ್ಯ ಇಳಿಯುತ್ತಾನಾ ಅಂತ ಕೇಳಬೇಡಿ. ನಾನು ಆ ವರ್ಷ ಆನೆಯ ಮೇಲೂ ಪಟ್ಟಿದ್ದೇನೆ, ಇರುವೆಯ ಮೇಲೂ ಪಟ್ಟಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಪಟ್ಟಿದ್ದು ನಮ್ಮ ಭಾವನ ಮೇಲೆ. ಅದರಿಂದಲೇ ಒಂದು ಸಂಜೆ ಸಾಯುವುದಕ್ಕೂ ಹೋಗಿದ್ದೆ. ಹಬ್ಬದ ದಿನ ತನ್ನ ಎಲೆ ಬಿಟ್ಟು ಎಲ್ಲರ ಎಲೆ ನೋಡುತ್ತಾ ಕೂರುವವನು ನಾನೊಬ್ಬನೇ ಅಲ್ಲ, ಇನ್ನೂ ಬಹಳ ಜನ ಇದ್ದೀರಿ ಅನ್ನುವ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಅಕ್ಕನ ಮದುವೆಯಲ್ಲಿ. ಅಕ್ಕ ರಶ್ಮಿ ನನಗಿಂತ ಮೂರು ವರ್ಷ ದೊಡ್ಡವಳು. ಆಷಾಢದಲ್ಲಿ ನನ್ನ ಶೇರ್ವಾನಿಗೆ ಅಳತೆ ಕೊಟ್ಟು ಬಂದೆವು. ಶ್ರಾವಣದಲ್ಲಿ ಹಾಕಿಕೊಂಡಾಗ ಅದರೊಳಗೆ ನನ್ನ ಜೊತೆ ಇನ್ನೊಬ್ಬನನ್ನು ಬಾಡಿಗೆಗೆ ಇಡಬಹುದಾಗಿತ್ತು. ಛತ್ರದಲ್ಲಿ ಸಿಕ್ಕವರೆಲ್ಲ, "ಏನ್ ಚೇತು, ಸಖತ್ ಸ್ಲಿಮ್ ಆಗ್ಬುಟ್ಟಿದ್ದೀಯಲ್ಲೋ!" ಅಂದರು. ನಾನು ಎಂಥ ಮೂರ್ಖ ನೋಡಿ, ಅದನ್ನು ಸಾಧನೆ ಅಂತ ಒಪ್ಪಿಕೊಂಡೆ. ಅಷ್ಟಕ್ಕೆ ಬಿಡದೆ ಸೋದರಮಾವನನ್ನು ಕೈತೊಳೆಯುವ ಜಾಗದಲ್ಲಿ ಅಡ್ಡಗಟ್ಟಿ ಕಾಲು ಗಂಟೆ ಉಪದೇಶ ಮಾಡಿದೆ. "ಎಲ್ಲಾ ಮನಸ್ಸಲ್ಲಿರೋದು ಮಾವ. ಬಾಯಿ ಕಟ್ಬೇಕು." ಆ ಕಾಲು ಗಂಟೆಯಲ್ಲಿ ನಾನು ನಾಲ್ಕು ಲೋಟ ನೀರು ಕುಡಿದು ಎರಡು ಸಲ ಶೌಚಾಲಯಕ್ಕೆ ಹೋಗಿ ಬಂದೆ. ಉಪದೇಶದ ಉಳಿದ ಭಾಗಕ್ಕಾಗಿ ಮಾವ ಪಾಪ ಒದ್ದೆ ಕೈಯಲ್ಲೇ ಕಾಯುತ್ತಾ ನಿಂತಿದ್ದರು.

ನಾನು ನಜರ್‌ಬಾದಿನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಮದುವೆ ಮುಗಿದ ಮೇಲೆ ಕಂಪ್ಯೂಟರಿನ ಅಕ್ಷರಗಳು ಮಂಜಾಗತೊಡಗಿದವು. ಮದುವೆ ಸುಸ್ತು ಅಂದುಕೊಂಡು ಸುಮ್ಮನಿದ್ದೆ. ಹಾಗಿರುವಾಗ ಬಡಾವಣೆಯ ಮುಖಂಡರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ಬಂತು. ಮುತುವರ್ಜಿಯಿಂದ ಮಾಡಿದೆ. ಹತ್ತಡಿ ಅಗಲ, ಹೂವಿನ ಅಂಚು, ಮಧ್ಯೆ ಅವರ ನಗುಮುಖ, ಎರಡೂ ಕಡೆ ಬಲೂನು. ಬಲೂನು ಅಂತ ನಾನು ಅಂದುಕೊಂಡದ್ದು ಉರಿಯುವ ದೀಪ. ನಾನು ತೆಗೆದದ್ದು ಬೇರೆ ಫೈಲು. ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಅಂತಿತ್ತು. ಮುಂಜಾನೆ ಕಟ್ಟುವವರು ಓದದೆ ಕಟ್ಟಿದರು. ಏಳೂವರೆಗೆ ಮುಖಂಡರೇ ವಾಕಿಂಗ್ ಬಂದು, ತಮ್ಮ ಆತ್ಮಕ್ಕೆ ಶಾಂತಿ ಕೋರಿದವರ ಹೆಸರುಗಳನ್ನು ಸರ್ಕಲ್ಲಿನಲ್ಲಿ ನಿಂತು ಓದಿದರು.

"ಲೋ, ಮೊದ್ಲು ಹೋಗಿ ಕಣ್ಣು ತೋರಿಸ್ಕೊಂಡು ಬಾರೋ," ಅಂದರು ನಮ್ಮ ಓನರ್. "ಇಲ್ಲಾಂದ್ರೆ ನಾಳೆ ನನ್ನೂ ಸಾಯಿಸ್ಬುಡ್ತೀಯ."

ಕನ್ನಡಕದ ಅಂಗಡಿಯಾತ ಮೂರು ಗಾಜು ಬದಲಾಯಿಸಿ ನೋಡಿ, ನಾಲ್ಕನೆಯದನ್ನು ಕೆಳಗಿಟ್ಟ. "ನೀರು ಜಾಸ್ತಿ ಕುಡೀತೀರಾ ಸರ್? ಶುಗರ್ ಚೆಕ್ ಮಾಡಿಸಿದೀರಾ?"

"ನಂಗೆ ಇಪ್ಪತ್ತೈದು ಕಣ್ರೀ."

"ನಾನು ವಯಸ್ಸು ಕೇಳಲಿಲ್ಲ ಸರ್."

ನಾನೂರ ಹದಿನೆಂಟು ಬಂತು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಅಷ್ಟು ಬಂದಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಆ ಚೀಟಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡ ತಾತ ಒಬ್ಬರು. "ಎಷ್ಟಪ್ಪಾ ನಿಂದು?" ಅಂದರು, ರಿಸಲ್ಟ್ ದಿನ ಕೇಳುವ ಹಾಗೆ. ಹೇಳಿದೆ. ಅವರು ತಮ್ಮ ಚೀಟಿ ನೋಡಿಕೊಂಡರು. "ನಂದು ಬರೀ ಇನ್ನೂರ ಹತ್ತು." ನನ್ನ ಜೀವನದ ಮೊದಲನೇ ಸಕ್ಕರೆ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಬೆಂಚಿನ ಮೇಲೆ. ಎಪ್ಪತ್ತು ದಾಟಿದವರಿಗೆ ಇನ್ನೂರ ಹತ್ತು, ನನಗೆ ನಾನೂರ ಹದಿನೆಂಟು!

ತಾತ ನನ್ನ ಚೀಟಿಯನ್ನು ಇನ್ನೊಮ್ಮೆ ಇಣುಕಿ ನೋಡಿದರು. "ತಗೋ, ನನ್ನ ಟೋಕನ್ನಲ್ಲಿ ನೀನು ಹೋಗು ಮಗ. ನಂಗೆ ಮನೆಗೋಗಿ ಕಡಿದು ಕಟ್ಟೆ ಹಾಕೋದೇನಿಲ್ಲ," ಅಂದರು. ಆ ತಾತನ ಹೆಸರು ಕೇಳಲಿಲ್ಲ. ಈಗಲೂ ಆ ಬೆಂಚಿನ ಕಡೆ ಹೋದಾಗ ಮಫ್ಲರ್ ಹುಡುಕುತ್ತೇನೆ.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. "ಇದು ಏನೋ ತಿಂದಿದ್ದಕ್ಕೆ ಬಂದಿದ್ದಲ್ಲ, ನಿಮ್ಮ ತಪ್ಪೂ ಅಲ್ಲ. ಇನ್ಸುಲಿನ್ ಮಾಡೋದನ್ನ ನಿಮ್ಮ ಮೈ ನಿಲ್ಲಿಸಿದೆ. ಇನ್ಮೇಲೆ ಹೊರಗಿಂದ ತಗೋಬೇಕು. ದಿನಾ."

"ಎಷ್ಟು ದಿನ ಮೇಡಂ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದ ಕೂಡಲೇ ನನಗೆ ಗೊತ್ತಾಯಿತು. "ದಿನಾ ಅಂದ್ರೆ ದಿನಾ ಚೇತನ್."

ಸುದ್ದಿ ಕೇಳಿ ಓಡಿಬಂದು ಪಕ್ಕದಲ್ಲಿ ಕೂತಿದ್ದ ಅಪ್ಪ ಕಿಟಕಿಯಾಚೆ ಇದ್ದ ಸ್ಕೂಟರುಗಳನ್ನು ಒಂದೊಂದಾಗಿ ನೋಡತೊಡಗಿದರು, ಯಾವುದು ತಮ್ಮದು ಅಂತ ಮರೆತವರ ಹಾಗೆ. ನಾನು ಏನೋ ಜೋಕು ಹೊಡೆದೆ. ಏನು ಅಂತ ಈಗ ನೆನಪಿಲ್ಲ. ಯಾರೂ ನಗಲಿಲ್ಲ ಅನ್ನುವುದು ನೆನಪಿದೆ.

ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಪೆನ್ನಿನಂಥ ಸೂಜಿ ಚುಚ್ಚಿಕೊಳ್ಳುವುದು ಕಲಿಸಿದರು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಪೆನ್ನಿನ ಥರಾನೇ ಇದ್ಯಲ್ಲೋ. ಬರೀತಾ ಇದ್ದೀನಿ ಅನ್ಕೋ," ಅಂದರು. ಅದು ಅವರು ಹೇಳಬಹುದಾದ ದೊಡ್ಡ ಸಮಾಧಾನ. ಹೊರಡುವಾಗ ಸಿಸ್ಟರ್ ಒಬ್ಬರು ಕೈಗೆ ಒಂದು ಕಿರುಪುಸ್ತಕ, ಒಂದು ಪಟ್ಟಿ ಗ್ಲೂಕೋಸ್ ಬಿಲ್ಲೆ ಕೊಟ್ಟು ಎಚ್ಚರಿಸಿದರು. "ಇಂಜೆಕ್ಷನ್ ತಗೊಂಡು ಊಟ ತಪ್ಪಿಸ್ಬೇಡಿ. ಕೈ ನಡುಗಿ, ಬೆವರು ಬಂದು, ಎದೆ ಹೊಡ್ಕೊಂಡ್ರೆ ಶುಗರ್ ಇಳೀತಿದೆ ಅಂತ. ತಕ್ಷಣ ಈ ಬಿಲ್ಲೆ ತಿನ್ನಿ. ಯಾವಾಗ್ಲೂ ಜೇಬಲ್ಲಿರ್ಲಿ." ನಾನು ತಲೆಯಾಡಿಸಿದೆ. ಬಿಲ್ಲೆ ಕಿತ್ತಳೆ ರುಚಿ ಇತ್ತು. ಆಟೋ ರಾಮಕೃಷ್ಣನಗರದ ನಮ್ಮ ಮನೆ ತಲುಪುವುದರೊಳಗೆ ಪಟ್ಟಿ ಖಾಲಿ. ಕಿರುಪುಸ್ತಕ ಟಿವಿ ಕೆಳಗೆ ಹೋಯಿತು.

ಅಮ್ಮ ಒಂದು ದಿನ ಅತ್ತಳು. ಎರಡನೇ ದಿನ ಎದ್ದು ಸೆರಗು ಕಟ್ಟಿದಳು. ಮನೆಯ ಸಕ್ಕರೆ ಡಬ್ಬಿ ಮಾಯವಾಯಿತು. ಬೆಲ್ಲ ಮಾಯವಾಯಿತು. ಜೇನುತುಪ್ಪದ ಸೀಸೆ ಮಾಯವಾಯಿತು. ಎಲ್ಲಿಟ್ಟಳು ಅಂತ ಅಪ್ಪನಿಗೂ ಹೇಳಲಿಲ್ಲ. ಅವರೇ ಕಾಫಿಗೆ ಸಕ್ಕರೆ ಬೇಕಾದರೆ ಅರ್ಜಿ ಹಾಕಿಕೊಳ್ಳಬೇಕಿತ್ತು. ಡಾಕ್ಟರಮ್ಮ ಹೇಳಿದ್ದು ಅಳತೆಯಲ್ಲಿ ತಿನ್ನಿ ಅಂತ. ಅಮ್ಮ ಕೇಳಿಸಿಕೊಂಡದ್ದು ತಿನ್ನಬೇಡಿ ಅಂತ. ನಾನು ತಿದ್ದಲಿಲ್ಲ. ನನಗೂ ಒಳಗೊಳಗೆ ಹೆದರಿಕೆ ಇತ್ತು. ಅನ್ನ ನೋಡಿದರೂ ಅದು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಮೂರು ವಾರಕ್ಕೆ ನವರಾತ್ರಿ ಬಂತು. ಜೊತೆಗೆ ಭಾವ ಬಂದರು.

ಭಾವನ ಹೆಸರು ಯೋಗೇಶ್. ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಮದುವೆಯಾದ ಮೇಲಿನ ಮೊದಲನೇ ದಸರಾ, ಶಾಲೆಗೂ ರಜ, ಹಾಗಾಗಿ ಹತ್ತು ದಿನಕ್ಕೆ ಅಕ್ಕನ ಜೊತೆ ಬಂದಿಳಿದರು. ಹೊಸ ಅಳಿಯ ಮೊದಲ ಹಬ್ಬಕ್ಕೆ ಬಂದರೆ ಅತ್ತೆಯ ಮನೆಯಲ್ಲಿ ಏನೇನು ನಡೆಯುತ್ತದೆ ಅಂತ ನಿಮಗೆ ಗೊತ್ತು. ಅವರು 'ಸಾಕು' ಅಂದರೆ ಅದು ಶಾಸ್ತ್ರಕ್ಕೆ ಅಂದದ್ದು ಅಂತ ಲೆಕ್ಕ. ಅಡುಗೆ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ, ನೀರಿನ ಲೋಟ ಕೂಡ ಕೂತಲ್ಲಿಗೇ ಬರಬೇಕು. ಮೊದಲ ದಿನ ಪಾಯಸ. ಎರಡನೇ ದಿನ ಸಜ್ಜಪ್ಪ. ಮೂರನೇ ದಿನ ಕಾಯಿ ಹೋಳಿಗೆ. ನಾಲ್ಕನೇ ದಿನ ನನ್ನ ಇಷ್ಟದ ಕೊಬ್ಬರಿ ಮಿಠಾಯಿ. ನನ್ನ ಇಷ್ಟದ್ದು ಅಂತ ಈ ಭೂಮಿಯ ಮೇಲೆ ಗೊತ್ತಿರುವ ಏಕೈಕ ವ್ಯಕ್ತಿ ಅಮ್ಮ, ಮಾಡಿ ಬಡಿಸಿದವಳೂ ಅವಳೇ. ಭಾವನಿಗೆ.

"ಇನ್ನೊಂದು ಹಾಕ್ಸ್ಕೊಳಿ ಯೋಗೇಶ್, ಸಣ್ಣದು."

"ಅಯ್ಯೋ ಸಾಕು ಅತ್ತೆ."

"ಏನ್ ಸಾಕು! ಎಲೆ ಮೇಲೆ ಏನಿದೆ? ರಶ್ಮಿ, ತುಪ್ಪ ತಗೊಂಡ್ಬಾರೇ."

ಎದುರಿನ ಎಲೆಯಲ್ಲಿ ನಾನು. ಎರಡು ಚಪಾತಿ, ಹೆಸರುಬೇಳೆ ಕೋಸಂಬರಿ, ಸೌತೆಕಾಯಿ. ಉಪ್ಪು ಮಾತ್ರ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದಿತ್ತು. ಭಾವ ಹೋಳಿಗೆ ಮುರಿದಾಗ ಬರುವ ಸದ್ದು ಇದೆಯಲ್ಲ, ಅದಕ್ಕೆ ಸದ್ದೇ ಇಲ್ಲ ಅಂತ ನೀವು ಹೇಳಬಹುದು. ನನಗೆ ಕೇಳಿಸುತ್ತಿತ್ತು.

ಪೇಪರು ತೆಗೆದರೆ ಅಲ್ಲಿ ದಸರಾ ಆನೆಗಳು. ಕಾಡಿಂದ ಬಂದು, ತೂಕ ಹಾಕಿಸಿಕೊಂಡು, ಬೆಲ್ಲ, ಕೊಬ್ಬರಿ, ಬೆಣ್ಣೆ ತಿಂದು, ಮತ್ತೆ ತೂಕ ಹಾಕಿಸಿಕೊಂಡಾಗ ಹೆಚ್ಚಾಗಿದ್ದರೆ ಫೋಟೋ ಸಮೇತ ಸುದ್ದಿ. ಊರಿಗೆಲ್ಲ ಸಂತೋಷ. ನಾನು ಅರ್ಧ ಕೆಜಿ ಹೆಚ್ಚಾದರೆ ಅಮ್ಮ ಜೇಬು ತಪಾಸಣೆ ಮಾಡುತ್ತಿದ್ದಳು. ನಾನೂ ಕಾಡಿನಲ್ಲೇ ಹುಟ್ಟಬೇಕಿತ್ತು.

ಆಯುಧಪೂಜೆಯ ದಿನ ನಮ್ಮ ಪ್ರಿಂಟಿಂಗ್ ಅಂಗಡಿಯಲ್ಲಿ ಮೆಷಿನ್ನಿಗೆ ಪೂಜೆ. ಕುಂಬಳಕಾಯಿ ಒಡೆದು, ಪ್ರತಿಯೊಬ್ಬರಿಗೂ ನಾಲ್ಕು ತುಂಡು ಮೈಸೂರುಪಾಕಿನ ಒಂದೊಂದು ಡಬ್ಬಿ ಹಂಚಿದರು. 'ನನಗೆ ಬೇಡ ಸರ್, ಶುಗರ್' ಅಂತ ಹೇಳಲು ಬಾಯಿ ತೆರೆದೆ. ಬಾಯಿ 'ಥ್ಯಾಂಕ್ಸ್ ಸರ್' ಅಂದುಬಿಟ್ಟಿತು. ಡಬ್ಬಿಯನ್ನು ಫ್ಲೆಕ್ಸ್ ಸುರುಳಿಯೊಳಗೆ ತೂರಿಸಿ ಮನೆಗೆ ಸಾಗಿಸಿದೆ.

ಅಡಗಿಸಲು ನಮ್ಮ ಮನೆಯಲ್ಲಿ ಬೊಂಬೆ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಹಳೇ ಟ್ರಂಕುಗಳನ್ನು ಮೆಟ್ಟಿಲಾಗಿ ಜೋಡಿಸಿ ಬಿಳೀ ಪಂಚೆ ಹೊದಿಸಿರುತ್ತಾಳೆ ಅಮ್ಮ. ಒಮ್ಮೆ ಕೂರಿಸಿದ ಮೇಲೆ ವಿಜಯದಶಮಿಯಂದು ಬೊಂಬೆ ಮಲಗಿಸುವ ತನಕ ಯಾರೂ ಮುಟ್ಟಬಾರದು ಅನ್ನುವುದು ಅವಳ ಕಾನೂನು. ಆ ಕಾನೂನಿನ ರಕ್ಷಣೆಯಲ್ಲಿ, ಪಂಚೆ ಎತ್ತಿ, ಶೆಟ್ಟರ ಅಂಗಡಿಯ ಹಿಂದೆ ಟ್ರಂಕುಗಳ ಸಂದಿಯೊಳಗೆ ಡಬ್ಬಿ ಇಟ್ಟೆ. ಶೆಟ್ಟರು ನೋಡಿದರು. ವ್ಯಾಪಾರಸ್ಥರು, ಗುಟ್ಟು ಬಿಡುವವರಲ್ಲ.

ಸಂಜೆ ಅಮ್ಮ, ಅಕ್ಕ ಬೀದಿಯ ಮನೆಗಳಿಗೆ ಬೊಂಬೆ ನೋಡಲು, ಅರಿಶಿನ ಕುಂಕುಮಕ್ಕೆ ಹೊರಟರು. ಅಪ್ಪ ಸ್ನೇಹಿತರ ಜೊತೆ ದೀಪಾಲಂಕಾರ ನೋಡಲು ಹೋದರು. ಮನೆಯಲ್ಲಿ ನಾನು, ಟಿವಿ ಮುಂದೆ ಭಾವ. ಅವಕಾಶ ಅಂದರೆ ಇದು. ಈಗ ನನ್ನ ಬುದ್ಧಿವಂತಿಕೆ ನೋಡಿ. ನಾಲ್ಕು ತುಂಡು ಪಾಕಿಗೆ ಇಷ್ಟು ಬೇಕಾಗಬಹುದು ಅಂತ ನನ್ನದೇ ಒಂದು ಅಂದಾಜು ಹಾಕಿ, ರೂಮಿನಲ್ಲಿ ಮೊದಲೇ ಇಂಜೆಕ್ಷನ್ ಚುಚ್ಚಿಕೊಂಡೆ. ಸ್ವಲ್ಪ ಹೊತ್ತು ಬಿಟ್ಟು, ಬೊಂಬೆಯ ದೀಪ ಸರಿ ಮಾಡುವವನ ಹಾಗೆ ಬಂದು ಪಂಚೆ ಎತ್ತಿದೆ.

ಜಂಬೂಸವಾರಿ ಒಂದು ದಿನ ಮುಂಚೆಯೇ ಹೊರಟಿತ್ತು. ಸಂದಿಯ ಬಾಯಿಂದ ಶೆಟ್ಟರ ಅಂಗಡಿಯವರೆಗೆ ಇರುವೆಗಳ ಸಾಲು, ಒಂದೊಂದರ ತಲೆಯ ಮೇಲೂ ಹಳದಿ ಪುಡಿಯ ಅಂಬಾರಿ. ಸಂದಿಗೆ ಕೈ ಹಾಕಿದರೆ ಡಬ್ಬಿಯೇ ಇಲ್ಲ.

"ಭಾವ, ಇಲ್ಲೊಂದು ಡಬ್ಬಿ ಇತ್ತಲ್ಲ..."

"ಓ ಅದಾ? ಇರುವೆ ಬಂತು ಅಂತ ಅತ್ತೆ ಹುಡುಕಿ ತೆಗೆದ್ರು ಕಣೋ. 'ರಶ್ಮಿ ನಿಮ್ಗೇಂತ ಎತ್ತಿಟ್ಟಿರ್ಬೇಕು' ಅಂತ ನಂಗೆ ನಿಂತ್ಕೊಂಡು ನಾಲ್ಕೂ ತಿನ್ಸುದ್ರು," ಅಂದರು ಭಾವ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ತುಪ್ಪ ಚೆನ್ನಾಗಿತ್ತು."

ತುಪ್ಪ ಚೆನ್ನಾಗಿತ್ತಂತೆ!

ನಾನು ಬೊಂಬೆಗಳ ಎದುರು, ಭಾವನಿಗೆ ಬೆನ್ನು ಹಾಕಿ ಕೂತೆ. ಇವರಿಗೆ ನಮ್ಮಕ್ಕ ಸಿಕ್ಕಳು, ಅಮ್ಮ ಸಿಕ್ಕಳು, ಕೊಬ್ಬರಿ ಮಿಠಾಯಿ ಸಿಕ್ಕಿತು, ಸಾಲದೆ ನಾನು ಕದ್ದು ತಂದದ್ದೂ ಸಿಕ್ಕಿತು. ಹೀಗೆ ಒಂದೊಂದೇ ನೆನೆಸಿಕೊಂಡು ಉರಿಯುತ್ತಿದ್ದೆ. ಉರಿಯುವ ಭರದಲ್ಲಿ, ಮೈಯೊಳಗೆ ನಾಲ್ಕು ತುಂಡಿನ ಇನ್ಸುಲಿನ್ ಇಳಿದಿದೆ, ಬಾಯಿಗೆ ಒಂದು ತುಂಡೂ ಇಳಿದಿಲ್ಲ ಅನ್ನುವುದು ಪೂರ್ತಿ ಮರೆತುಹೋಯಿತು.

ಕೈ ನಡುಗಿತು. ಸಿಟ್ಟು ಅಂದುಕೊಂಡೆ. ಫ್ಯಾನಿನ ಕೆಳಗೇ ಕತ್ತಿನಿಂದ ಬೆವರು ಇಳಿಯಿತು. ಹೊಟ್ಟೆ ಉರಿಯುತ್ತದೆ ಅಂತಾರಲ್ಲ, ಉರಿದರೆ ಬೆವರಬೇಕಾದ್ದೇ ಅಂದುಕೊಂಡೆ. ಎದೆ ಡೊಳ್ಳು ಬಾರಿಸತೊಡಗಿತು. ಹೊಟ್ಟೆಕಿಚ್ಚಿಗೆ ಇಷ್ಟು ತಾಕತ್ತಿದೆ ಅಂತ ಗೊತ್ತೇ ಇರಲಿಲ್ಲವಲ್ಲ, ಇಷ್ಟು ದಿನ ನಾನು ಪಟ್ಟದ್ದೆಲ್ಲ ಬರೀ ಅಭ್ಯಾಸ ಅಂತ ಮನಸ್ಸಿನಲ್ಲೇ ಬೆರಗಾದೆ. ಸಿಸ್ಟರ್ ಹೇಳಿದ್ದು ಮೂರೂ ಹೇಳಿದ ಕ್ರಮದಲ್ಲೇ ಬಂದಿತ್ತು. ನನಗೆ ಹೊಳೆಯಲಿಲ್ಲ. ಶೆಟ್ಟರು ಒಬ್ಬರಿದ್ದವರು ಇಬ್ಬರಾದರು. ಇಬ್ಬರೂ ನಗುತ್ತಿದ್ದರು.

"ಚೇತು? ಯಾಕೋ ಹಿಂಗ್ ಬೆವರ್ತಿದ್ದೀಯ?" ಭಾವನ ದನಿ ದೂರದ ಮೈಕಿನಲ್ಲಿ ಬಂದ ಹಾಗೆ ಬಂತು.

"ಹೊಟ್ಟೆಕಿಚ್ಚು."

"ಏನು?"

"ಹೊಟ್ಟೆಕಿಚ್ಚು ಭಾವ." ನಾಲಿಗೆ ಬಾಯಿಗೆ ಅಂಟುತ್ತಿತ್ತು. "ನಿಮ್ಮ ಮೇಲೆ."

ಅವರು ನನ್ನನ್ನು ತಿರುಗಿಸಿ ಮುಖ ನೋಡಿದರು. "ಇಂಜೆಕ್ಷನ್ ತಗೊಂಡ್ಯಾ?"

ತಲೆಯಾಡಿಸಿದೆ.

"ತಿಂದಿದ್ದೇನು?"

ನಾನು ಅವರ ಹೊಟ್ಟೆಯ ಕಡೆ ಬೆರಳು ತೋರಿಸಿದೆ.

ಆ ಮನುಷ್ಯ ಅಷ್ಟು ಬೇಗ ಎದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಬಂದ ಮೇಲೆ ಮೊದಲ ಸಲ ಅಡುಗೆ ಮನೆಗೆ ನುಗ್ಗಿದರು. ಡಬ್ಬಿಗಳ ಸದ್ದು. 'ಸಕ್ಕರೆ' ಅಂತ ಚೀಟಿ ಅಂಟಿಸಿದ್ದರಲ್ಲಿ ಮೆಂತ್ಯ ಇತ್ತಂತೆ. 'ಬೆಲ್ಲ' ಅಂತಿದ್ದರಲ್ಲಿ ಹುರಿಗಡಲೆ. "ಸಕ್ಕರೆ ಎಲ್ಲಿಟ್ಟಿದಾರೋ? ಚೇತೂ! ಮಲಗ್ಬೇಡ, ಹೇಳೋ!" ನನಗೆ ಗೊತ್ತಿದ್ದರೆ ತಾನೇ. ನನಗೆ ಗೊತ್ತಾಗಬಾರದು ಅಂತಲೇ ಬಚ್ಚಿಟ್ಟದ್ದು. ಆಗ ಮಾತ್ರ ನನಗೆ ಹೆದರಿಕೆಯಾಯಿತು. ಏಳೋಣವೆಂದರೆ ಕಾಲು ನನ್ನದಾಗಿರಲಿಲ್ಲ. ಮನೆ ತುಂಬ ಹಬ್ಬ, ಆ ಮನೆಯಲ್ಲಿ ಒಂದು ಚಮಚ ಸಕ್ಕರೆ ಸಿಗದೆ ಹೋಗಿಬಿಡುತ್ತೇನಾ ಅನ್ನಿಸಿತು. ಅಳು ಬಂತು. ಜೋಕು ಒಂದೂ ಬರಲಿಲ್ಲ.

ಭಾವ ಬಾಗಿಲಲ್ಲಿ ನಿಂತು ಸುತ್ತ ನೋಡಿದರು. ಅವರ ಕಣ್ಣು ಶೆಟ್ಟರ ಅಂಗಡಿಯ ಮೇಲೆ ನಿಂತಿತು.

ಬೊಂಬೆ ಮುಟ್ಟಬಾರದು ಅನ್ನುವ ಅತ್ತೆಯ ಕಾನೂನು ಅವರಿಗೂ ಗೊತ್ತಿತ್ತು. ಅರ್ಧ ಕ್ಷಣ ತಡೆದರು, ನಾನು ನೋಡಿದೆ. ಆಮೇಲೆ ಬಗ್ಗಿ ಬೆಲ್ಲದ ಬಟ್ಟಲಿಗೆ ಕೈ ಹಾಕಿದರು. ಮೊಣಕೈ ತಗುಲಿ ಶೆಟ್ಟಮ್ಮ ಗಂಡನ ತೊಡೆಯ ಮೇಲೆ ಉರುಳಿದರು. ಬೇಳೆಯೆಲ್ಲ ನೆಲದ ಮೇಲೆ. ನೆಲ್ಲಿಕಾಯಿ ಗಾತ್ರದ ಬೆಲ್ಲದುಂಡೆಯನ್ನು ಹಲ್ಲಿನಲ್ಲಿ ಒಡೆದು ಚೂರು ಚೂರಾಗಿ ನನ್ನ ಬಾಯಿಗಿಟ್ಟರು. "ಅಗಿ. ಅಗಿಯೋ. ಹೂಂ, ನುಂಗು. ಇನ್ನೊಂದು." ಬೆಲ್ಲದಲ್ಲಿ ಇರುವೆ ಇದ್ದವು. ಅಗಿದೆ. ನನ್ನ ಮೈಸೂರುಪಾಕು ಹೊತ್ತುಕೊಂಡು ಹೋದವುಗಳ ಮೇಲೆ ಅಷ್ಟು ಬೇಗ ಸೇಡು ತೀರುತ್ತದೆ ಅಂತ ಎಣಿಸಿರಲಿಲ್ಲ.

ಬೆರಳು ಚುಚ್ಚಿ ನೋಡಿದಾಗ ನಲವತ್ತಾರು. ಕಾಲು ಗಂಟೆ ಬಿಟ್ಟು ನೋಡಿದಾಗ ಎಪ್ಪತ್ತೆಂಟು. ಅಷ್ಟರಲ್ಲಿ ಭಾವ ಅಡುಗೆ ಮನೆಯಿಂದ ಮೊಸರನ್ನ ಕಲಸಿ ತಂದು ಎದುರಿಗೆ ಕೂತಿದ್ದರು. ಉಪ್ಪು ಹಾಕಿರಲಿಲ್ಲ.

"ನಿಮಗೆ ಹೆಂಗೆ ಗೊತ್ತಾಯ್ತು ಭಾವ?"

"ಟಿವಿ ಕೆಳಗಿತ್ತಲ್ಲ ಪುಸ್ತಕ, ಬಂದ ದಿನಾನೇ ಓದಿದ್ದೆ." ತೆರೆದು ತೋರಿಸಿದರು. ಪೆನ್ಸಿಲಿನಲ್ಲಿ ಅಡಿಗೆರೆ ಬೇರೆ ಎಳೆದಿದ್ದರು. ನನ್ನ ಕಾಯಿಲೆಯ ಪುಸ್ತಕವನ್ನು ಮನೆಯಲ್ಲಿ ಓದಿದ್ದ ಒಬ್ಬನೇ ಮನುಷ್ಯ.

ಅನ್ನ ಮುಗಿಯುವ ಹೊತ್ತಿಗೆ ಅವರು ತಗ್ಗಿದ ದನಿಯಲ್ಲಿ ಹೇಳಿದರು. "ನಂಗೆ ಬೇಡ ಅನ್ನಕ್ಕೆ ಬರಲ್ಲ ಕಣೋ. ಅತ್ತೆ ಅಷ್ಟು ಪ್ರೀತಿಯಿಂದ ಹಾಕ್ತಾರೆ. ದಿನಾ ಸೋಡಾ ಕುಡ್ಕೊಂಡು ಮಲಗ್ತಿದೀನಿ. ನಿನ್ನ ಎಲೇಲಿರೋ ಸೌತೆಕಾಯಿ ನೋಡಿದ್ರೆ ಬಾಯಲ್ಲಿ ನೀರು ಬರುತ್ತೆ."

ಈ ಮಾತು ಕೇಳಿ ನನ್ನ ಕಿಚ್ಚು ಆರಿತು ಅಂದುಕೊಂಡಿರಾ? ಇಲ್ಲ. ಹೋಳಿಗೆ ಸಿಗದೆ ಸಾಯುವವನ ಎದುರಿಗೆ ಹೋಳಿಗೆ ಹೆಚ್ಚಾಗಿ ಸಾಯುತ್ತಿದ್ದೇನೆ ಅನ್ನುವವನನ್ನು ಕ್ಷಮಿಸುವುದು ಇನ್ನೂ ಕಷ್ಟ. ಆದರೆ ಅವರ ಬೆರಳಿಗೆ ನನ್ನ ಹಲ್ಲು ತಾಗಿ ಕೆಂಪಾಗಿತ್ತು. ಅದನ್ನು ನೋಡುತ್ತಾ ಬಯ್ಯುವುದಕ್ಕೂ ಆಗಲಿಲ್ಲ.

ಅಮ್ಮ ಬಂದಳು. ಕೈಯಲ್ಲಿ ತಾಂಬೂಲದ ಚೀಲ, ಕಣ್ಣು ನೇರ ಬೊಂಬೆಯ ಮೇಲೆ. "ಯಾರ್ ಮುಟ್ಟಿದ್ದು ನನ್ನ ಬೊಂಬೇನಾ! ಶೆಟ್ಟಮ್ಮನ್ನ ಯಾರು ಬೀಳ್ಸಿದ್ದು? ಚೇತೂ..."

"ನಾನು ಅತ್ತೆ," ಅಂದರು ಭಾವ, ಎದ್ದು ನಿಂತು. ನಡೆದದ್ದನ್ನು ಹೇಳಿದರು. ಡಬ್ಬಿ ನನ್ನದು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಹೇಳಬೇಕಾಯಿತು.

ಅಮ್ಮ ಬಯ್ಯಲಿಲ್ಲ. ಚೀಲ ಕೆಳಗಿಟ್ಟು ಒಳಗೆ ಹೋದಳು. ವಾಷಿಂಗ್ ಮೆಷಿನ್ ತಳ್ಳಿದ ಸದ್ದು ಬಂತು. ಅದರ ಹಿಂದಿನಿಂದ ಸಕ್ಕರೆ ಡಬ್ಬಿ ತಂದು ಟಿವಿ ಪಕ್ಕದಲ್ಲಿ, ಎಲ್ಲರ ಕಣ್ಣೆದುರಿಗೆ ಇಟ್ಟಳು. "ನಾನೇ ಬಚ್ಚಿಟ್ಟೆ," ಅಂದಳು, ಯಾರಿಗೂ ಅಲ್ಲ, ಡಬ್ಬಿಗೆ. "ಹುಷಾರಾಗಿರ್ಲಿ ಅಂತ ನಾನೇ ಬಚ್ಚಿಟ್ಟೆ." ಅಕ್ಕ ಅವಳ ಭುಜ ಹಿಡಿದುಕೊಂಡಳು. ನಾನು ಬೇಳೆ ಆರಿಸತೊಡಗಿದೆ. ನಮ್ಮ ಮನೆಯಲ್ಲಿ ಕಷ್ಟದ ಹೊತ್ತಿನಲ್ಲಿ ಯಾರೋ ಒಬ್ಬರು ಏನನ್ನಾದರೂ ಆರಿಸುತ್ತಿರಬೇಕು.

ಹಬ್ಬ ಕಳೆದ ಮೇಲೆ ಡಾಕ್ಟರಮ್ಮನ ಹತ್ತಿರ ಅಮ್ಮನೂ ಬಂದಳು. ಅಂದಾಜಿನ ಇಂಜೆಕ್ಷನ್ನಿಗೆ ನನಗೆ ಸರಿಯಾಗಿ ಮಂಗಳಾರತಿ ಆಯಿತು. ಅದು ಮುಗಿದ ಮೇಲೆ ಅಮ್ಮ ಪರೀಕ್ಷೆಯಲ್ಲಿ ಡೌಟು ಕೇಳುವವಳ ಹಾಗೆ ಕೈಯೆತ್ತಿದಳು. "ಹಬ್ಬದ ದಿನ ಒಂದು ಹೋಳಿಗೆ... ಒಂದೇ ಒಂದು, ಕೊಡಬೋದಾ ಡಾಕ್ಟ್ರೇ?"

"ಕೊಡಿ. ಊಟದ ಜೊತೆ ಕೊಡಿ, ಅವತ್ತು ಅನ್ನ ಕಡಿಮೆ ಮಾಡಿ. ಎಷ್ಟು ಇನ್ಸುಲಿನ್ ಅಂತ ನಾನು ಕಲಿಸ್ತೀನಿ. ಆದ್ರೆ ಕದ್ದು ತಿಂದ್ರೆ ಯಾರಿಗೂ ಲೆಕ್ಕ ಸಿಗಲ್ಲ. ಎಲ್ಲರ ಎದುರಿಗೆ ಕೂತ್ಕೊಂಡು ತಿನ್ಲಿ."

ಆಟೋ ಮನೆ ಹತ್ತಿರ ಬಂದಾಗ ಅಮ್ಮ, "ಬೇಳೆ ಹೋಳಿಗೇನಾ, ಕಾಯಿ ಹೋಳಿಗೇನಾ?" ಅಂದಳು. ಮುಂದಿನ ದಸರಾಕ್ಕೆ ಇನ್ನೂ ಹನ್ನೊಂದು ತಿಂಗಳಿತ್ತು.

ಈಗ ಎರಡು ದಸರಾ ಕಳೆದಿದೆ. ಜೇಬಿನಲ್ಲಿ ಬಿಲ್ಲೆ ಇರುತ್ತದೆ. ಕಿತ್ತಳೆ ರುಚಿಯದನ್ನು ಬಿಟ್ಟು ನನಗೆ ಸೇರದ ನಿಂಬೆ ರುಚಿಯದನ್ನು ಇಟ್ಟುಕೊಳ್ಳುತ್ತೇನೆ, ಹಾಗಾಗಿ ಉಳಿಯುತ್ತದೆ. ಶೆಟ್ಟರ ಅಂಗಡಿಯಲ್ಲಿ ಬೆಲ್ಲದ ಬಟ್ಟಲು ಹೋಗಿ ದೊಡ್ಡ ತಟ್ಟೆ ಬಂದಿದೆ. ಬೊಂಬೆ ನೋಡಲು ಬಂದವರು, "ಏನ್ರೀ, ನಿಮ್ಮ ಶೆಟ್ಟರ ವ್ಯಾಪಾರ ಜೋರಾಗಿದೆ!" ಅಂದರೆ ಅಮ್ಮ ನಗುತ್ತಾಳೆ. ಆ ತಟ್ಟೆ ಮಾತ್ರ ಯಾರು ಬೇಕಾದರೂ ಮುಟ್ಟಬಹುದು ಅಂತ ಕಾನೂನು ತಿದ್ದುಪಡಿಯಾಗಿದೆ. ಹೊಟ್ಟೆಕಿಚ್ಚು ಬಂದರೆ ನಾನು ಮೊದಲು ಬೆರಳು ಚುಚ್ಚಿ ನೋಡುತ್ತೇನೆ. ನೂರರ ಮೇಲಿದ್ದರೆ ಅದು ನಿಜವಾದ ಹೊಟ್ಟೆಕಿಚ್ಚು. ಸಾಮಾನ್ಯವಾಗಿ ನೂರರ ಮೇಲೇ ಇರುತ್ತದೆ.

ಮೊನ್ನೆ ಆಯುಧಪೂಜೆಗೆ ಭಾವ ಮತ್ತೆ ಬಂದಿದ್ದರು. ಎದುರುಬದುರು ಎಲೆ. ನಾನು ನನ್ನ ಅಳತೆ ನೋಡಿ, ಎಲ್ಲರ ಎದುರಿಗೆ ಚುಚ್ಚಿಕೊಂಡೆ. ಅಮ್ಮ ಬಂದು ನನ್ನ ಎಲೆಗೇ ಮೊದಲು ಬಡಿಸಿದಳು. ಒಂದು ಹೋಳಿಗೆ. ಅಂಗೈಯಗಲ, ಮೇಲೆ ಒಂದು ಹನಿ ತುಪ್ಪ. ನಾನು ಅಂಚಿನಿಂದ ಶುರು ಮಾಡಿದೆ. ಚಿಟಿಕೆ ಮುರಿಯುವುದು, ಬಾಯಿಗಿಟ್ಟು ಕಣ್ಣು ಮುಚ್ಚುವುದು, ಪೂರ್ತಿ ಕರಗಿದ ಮೇಲೆ ಕಣ್ಣು ಬಿಡುವುದು. ನಾನು ಅರ್ಧ ದಾಟುವಾಗ ಭಾವ ಮೂರನೆಯದನ್ನು ಮುಗಿಸಿದ್ದರು. ಅಮ್ಮ ನಾಲ್ಕನೆಯದನ್ನು ಎಲೆಗೆ ಬಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ. ಕಣ್ಣು ಬಿಟ್ಟಾಗ ನೋಡುತ್ತೇನೆ, ನನ್ನ ಎಲೆಯನ್ನೇ ನೋಡುತ್ತಿದ್ದಾರೆ. ಆ ನೋಟ ನನಗೆ ಚೆನ್ನಾಗಿ ಪರಿಚಯ. ಎರಡು ವರ್ಷ ಅದನ್ನು ಇಟ್ಟುಕೊಂಡು ಬಾಳಿದವನು ನಾನು.

"ಅತ್ತೆ," ಅಂದರು ಭಾವ, "ಅವನಿಗೆ ಹಾಕಿದ್ದು ಬೇರೆ ಥರ ಮಾಡಿದ್ದಾ?"

"ಇಲ್ವಲ್ಲ ಯೋಗೇಶ್, ಎಲ್ಲಾ ಒಂದೇ ಕಣಕ, ಒಂದೇ ಹೂರಣ."

ಅವರು ನಂಬಲಿಲ್ಲ. ಇನ್ನೂ ನೋಡುತ್ತಲೇ ಇದ್ದರು.

ನಾನು ಎಲೆಯ ಅಂಚನ್ನು ಎಡಗೈಯಿಂದ ಮೆಲ್ಲಗೆ ಎತ್ತಿ, ಅವರಿಗೆ ಕಾಣದ ಹಾಗೆ ಮರೆ ಮಾಡಿಕೊಂಡು, ಇನ್ನೊಂದು ಚಿಟಿಕೆ ಮುರಿದೆ.